ಗುರುತಿನ ಹಿಂದಿನ ದಫ್ತರ: ಅಮೃತಮಹಲ್ ಕಾವಲಿನಿಂದ ಬಾರ್‌ಕೋಡ್‌ವರೆಗೆ

ಅಂಗಡಿಯಿಂದ ತಂದ ಸಾಬೂನು, ಬಿಸ್ಕತ್ತು, ಅಡುಗೆ ಎಣ್ಣೆಯ ಪ್ಯಾಕೆಟ್ಟು, ಯಾವುದನ್ನು ತಿರುಗಿಸಿ ನೋಡಿದರೂ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತ ಕಪ್ಪು ಗೆರೆಗಳು ಕಾಣುತ್ತವೆ. ಕೆಲವು ದಪ್ಪ, ಕೆಲವು ತೆಳು. ಕೆಳಗೆ ಹದಿಮೂರು ಅಂಕಿಗಳು. ಅಂಗಡಿಯವರು ಕೆಂಪು ಬೆಳಕಿನ ಯಂತ್ರವನ್ನು ಅದರ ಮುಂದೆ ಹಿಡಿದ ಕೂಡಲೇ ಪರದೆಯ ಮೇಲೆ ವಸ್ತುವಿನ ಹೆಸರು, ಬೆಲೆ ಮೂಡುತ್ತದೆ. ಬೆಲೆಯನ್ನು ಆ ಗೆರೆಗಳ ಒಳಗೇ ಬಚ್ಚಿಟ್ಟಿದ್ದಾರೆ ಎಂದು ಬಹಳ ಜನ ನಂಬಿದ್ದಾರೆ. ಅಲ್ಲಿ ಬೆಲೆ ಇಲ್ಲ. ವಸ್ತುವಿನ ಹೆಸರೂ ಇಲ್ಲ, ತಯಾರಾದ ತಾರೀಖೂ ಇಲ್ಲ. ಇರುವುದು ಒಂದು ಸಂಖ್ಯೆ ಮಾತ್ರ. ಉಳಿದದ್ದೆಲ್ಲ ಅಂಗಡಿಯ ಕಂಪ್ಯೂಟರಿನೊಳಗಿನ ಲೆಕ್ಕದ ಪುಸ್ತಕದಲ್ಲಿದೆ. ಹಳೆಯ ಮಾತಿನಲ್ಲಿ ಹೇಳುವುದಾದರೆ, ದಫ್ತರದಲ್ಲಿದೆ.

ಗುರುತು ವಸ್ತುವಿನ ಮೇಲೆ, ವಿವರ ದಫ್ತರದಲ್ಲಿ. ಈ ಏರ್ಪಾಡನ್ನು ಇಪ್ಪತ್ತನೆಯ ಶತಮಾನದ ಅಮೆರಿಕ ಕಂಡುಹಿಡಿಯಿತು ಎಂದು ಹೇಳುವುದು ವಾಡಿಕೆ. ಗೆರೆಗಳು ಅಮೆರಿಕದವು ಎಂಬುದು ನಿಜ. ಆದರೆ ಏರ್ಪಾಡು ಬಹಳ ಹಳೆಯದು, ನಮ್ಮ ನೆಲಕ್ಕೂ ಪರಿಚಿತವಾದದ್ದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯನ್ನು, ಅದರಲ್ಲೂ ನಾಯಕನಹಟ್ಟಿ ಹೋಬಳಿಯ ವರವು ಕಾವಲ್ ಎಂಬ ಹುಲ್ಲುಗಾವಲನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕಥೆ ಹೆಚ್ಚು ಸ್ಪಷ್ಟವಾಗುತ್ತದೆ. ಅಲ್ಲಿ ದನವಿದೆ, ರೇಷ್ಮೆ ಸೀರೆಯಿದೆ, ಎಣ್ಣೆ ಗಿರಣಿಯಿದೆ. ದಫ್ತರದಲ್ಲಿ ಹೆಸರಿಲ್ಲದ ಕಾರಣಕ್ಕೆ ಕಷ್ಟಕ್ಕೆ ಬಿದ್ದ ಜನರೂ ಇದ್ದಾರೆ.

ದಾಗ್ ಮತ್ತು ಚೆಹರೆ

ಉರ್ದುವಿನಲ್ಲಿ 'ದಾಗ್' ಎಂಬ ಮಾತಿಗೆ ಕಲೆ, ಗಾಯದ ಗುರುತು, ಕಳಂಕ, ಮನಸ್ಸಿನ ನೋವು ಎಂಬ ಅರ್ಥಗಳೆಲ್ಲ ಇವೆ. ಉರ್ದು ಶಾಲೆಯಲ್ಲಿ ಕಲಿತವರಿಗೆ ಈ ಮಾತು ಕೇಳಿದೊಡನೆ ನೆನಪಾಗುವುದು ಹೈದರಾಬಾದಿನಲ್ಲಿ 1905ರಲ್ಲಿ ತೀರಿಕೊಂಡ ಕವಿ ದಾಗ್ ದೆಹ್ಲವಿ. ಆದರೆ ಚರಿತ್ರೆಯ ಪುಸ್ತಕಗಳಲ್ಲಿ ದಾಗ್ ಎಂದರೆ ಕುದುರೆಯ ಮೈಮೇಲೆ ಕಾದ ಕಬ್ಬಿಣದಿಂದ ಒತ್ತಿದ ಮುದ್ರೆ.

ದೆಹಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿ (1296–1316) ತನ್ನ ಸೈನ್ಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದ. ಕಾರಣ ಸರಳವಾದದ್ದು. ಒಳ್ಳೆಯ ಕುದುರೆಗೆಂದು ಖಜಾನೆಯಿಂದ ಹಣ ಪಡೆದವರು ತಪಾಸಣೆಯ ದಿನ ಬಡಕಲು ಕುದುರೆ ತಂದು ನಿಲ್ಲಿಸುತ್ತಿದ್ದರು. ಒಂದೇ ಕುದುರೆಯನ್ನು ಇಬ್ಬರು ಮೂವರು ಕೈಬದಲು ಮಾಡಿ ತೋರಿಸುತ್ತಿದ್ದುದೂ ಉಂಟು. ಮುದ್ರೆ ಬಿದ್ದ ಕುದುರೆಯನ್ನು ಹಾಗೆ ಬದಲಿಸಲಾಗದು. ಆದರೆ ಮುದ್ರೆ ಒಂದರಿಂದಲೇ ಕೆಲಸ ಆಗಲಿಲ್ಲ. ಅದರ ಜೊತೆಗೆ 'ಚೆಹರಾ' ಅಥವಾ 'ಹುಲಿಯಾ' ಎಂಬ ವಿವರಪಟ್ಟಿ ಬೇಕಾಯಿತು. ಸವಾರನ ಹೆಸರು, ತಂದೆಯ ಹೆಸರು, ಮೈಬಣ್ಣ, ಮುಖಲಕ್ಷಣಗಳನ್ನು ಅದರಲ್ಲಿ ಬರೆದಿಡುತ್ತಿದ್ದರು. ಮುಂದೆ ಶೇರ್ ಶಾಹ್ (1540–45) ಇದೇ ಪದ್ಧತಿಯನ್ನು ಮತ್ತೆ ಚಾಲ್ತಿಗೆ ತಂದ. ಅಕ್ಬರನ ಆಡಳಿತ 1570ರ ದಶಕದಲ್ಲಿ ಅದನ್ನು ಮತ್ತಷ್ಟು ಬಿಗಿ ಮಾಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ದಾಗ್ ಮತ್ತು ಚೆಹರೆ ಒಂದನ್ನೊಂದು ಬಿಟ್ಟು ಬದುಕಲಾರವು. ಚೆಹರೆ ಇಲ್ಲದ ದಾಗ್ ಬರೀ ಸುಟ್ಟ ಗಾಯ. ದಾಗ್ ಇಲ್ಲದ ಚೆಹರೆ ಯಾವ ಕುದುರೆಗೂ ಅಂಟದ ಕಾಗದ. ಬಾರ್‌ಕೋಡಿನ ತತ್ವವೂ ಇಷ್ಟೇ.

ನಮ್ಮ ಕನ್ನಡಕ್ಕೆ ಈ ದಫ್ತರದ ಲೋಕದಿಂದ ಎಷ್ಟೊಂದು ಮಾತುಗಳು ಬಂದಿವೆ ನೋಡಿ. ದಾಖಲೆ, ಮೊಹರು, ನಿಶಾನಿ, ರಸೀತಿ, ಹಾಜರಿ, ದಫ್ತರ. ಅರಬ್ಬಿ, ಪಾರ್ಸಿಯಿಂದ ಬಂದು ಹಳ್ಳಿಯ ಶಾನುಭೋಗರ ಬಾಯಲ್ಲಿ ಪಳಗಿ, ಇಂದು ಇವು ಪರಭಾಷೆಯವು ಎಂಬ ನೆನಪೂ ಯಾರಿಗೂ ಉಳಿದಿಲ್ಲ.

ಬೆಣ್ಣೆ ಚಾವಡಿಯಿಂದ ಅಮೃತಮಹಲ್

ಅಂಥ ಬೆರಕೆಯ ಹೆಸರೇ 'ಅಮೃತಮಹಲ್'. ಮೊದಲರ್ಧ ಸಂಸ್ಕೃತ, ಎರಡನೆಯ ಅರ್ಧ ಅರಬ್ಬಿ. ಮೈಸೂರಿನ ಚಿಕ್ಕದೇವರಾಜ ಒಡೆಯರ್ (1672–1704) ಅರಮನೆಯ ಹಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ನಡೆಸುತ್ತಿದ್ದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸವಾದ್ದರಿಂದ ಆ ಹೆಸರು. ನಾಡಿನ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಈ ಹಸುಗಳಿಗೆಂದು ಕಾದಿರಿಸಿ 'ಕಾವಲ್' ಎಂದರು. ಹೈದರಾಲಿ ಈ ದನಗಳ ಇನ್ನೊಂದು ಉಪಯೋಗವನ್ನು ಕಂಡುಕೊಂಡ. ಈ ತಳಿಯ ಎತ್ತುಗಳು ಗಾತ್ರದಲ್ಲಿ ಅಷ್ಟು ದೊಡ್ಡವಲ್ಲ, ಆದರೆ ವೇಗದಲ್ಲೂ ತಾಳಿಕೆಯಲ್ಲೂ ಸರಿಸಾಟಿಯಿಲ್ಲದವು. ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಹೊರಲು ಹೇಳಿ ಮಾಡಿಸಿದಂಥವು. ಚಿದಂಬರಂ ರಕ್ಷಣೆಗೆ ಹೈದರ್ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ದಾಖಲಿಸಿದ್ದಾರೆ. 1779ರಲ್ಲಿ ಚಿತ್ರದುರ್ಗ ಹೈದರನ ವಶವಾದ ಮೇಲೆ ಅಲ್ಲಿನ ಪಾಳೆಗಾರರ ದನಗಳೂ ಈ ಮಂದೆಗೆ ಸೇರಿದವು.

ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೆಸರು ಬದಲಾಯಿಸಿ ಸುಮ್ಮನಾಗಲಿಲ್ಲ. ದನಗಳ ಪಾಲನೆಗೆ ಒಂದು ಹುಕುಂನಾಮೆಯನ್ನೇ ಹೊರಡಿಸಿದ. ವರ್ಷಕ್ಕೊಮ್ಮೆ ಮಂದೆಗಳನ್ನು ಒಟ್ಟುಗೂಡಿಸಿ ಎಣಿಸಬೇಕು. ಲೆಕ್ಕ ಒಪ್ಪಿಸಬೇಕು. ಚೆನ್ನಾಗಿ ಸಾಕಿದ ದನಗಾಹಿಗಳಿಗೆ ಸುಲ್ತಾನ ತಾನೇ ಇನಾಮು ಹಂಚುತ್ತಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಆ ಹುಕುಂನಾಮೆ ಸಾಯಲಿಲ್ಲ. ಟಿಪ್ಪುವನ್ನು ಕೊಂದವರ ಅಧಿಕಾರಿಗಳೇ ದನಗಳ ವಿಚಾರದಲ್ಲಿ ಅವನ ನಿಯಮಗಳನ್ನು ಪಾಲಿಸಿದರು. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ 1803ರ ಮರಾಠಾ ಯುದ್ಧದಲ್ಲಿ ಇದೇ ಎತ್ತುಗಳನ್ನು ನೆಚ್ಚಿಕೊಂಡಿದ್ದ.

ಟಿಪ್ಪುವಿನ ರಾಜ್ಯದಲ್ಲಿ ಗುರುತಿಗೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಅಂದಿನ ವಸ್ತುಗಳೇ ಸಾಕ್ಷಿ. ಹೈದರನ ನಾಣ್ಯಗಳ ಮೇಲೆ ಅವನ ಹೆಸರಿನ ಮೊದಲ ಅರಬ್ಬಿ ಅಕ್ಷರ 'ಹೆ' ಇತ್ತು. ತಂದೆಯ ನೆನಪಿಗೆ ಟಿಪ್ಪು ಅದನ್ನು ಉಳಿಸಿಕೊಂಡ. ಅದರ ಜೊತೆಗೆ 'ಬಬ್ರಿ' ಎಂದು ಕರೆಯುವ ಹುಲಿಪಟ್ಟೆ. ಸೈನಿಕರ ಅಂಗಿಯ ಮೇಲೆ, ಆಯುಧಗಳ ಮೇಲೆ, ಸಿಂಹಾಸನದ ಮೇಲೆ ಹುಲಿಪಟ್ಟೆ ಕಂಡರೆ ಅದು ಸರ್ಕಾರದ್ದು ಎಂದು ಓದು ಬಾರದವನೂ ತಿಳಿಯುತ್ತಿದ್ದ. ಗೆರೆಗಳಿಂದಲೇ ಒಡೆತನ ಸಾರುವ ವಿದ್ಯೆ ಶ್ರೀರಂಗಪಟ್ಟಣಕ್ಕೆ ಹೊಸದಾಗಿರಲಿಲ್ಲ.

ಬ್ರಿಟಿಷರ ಆಡಳಿತದಲ್ಲಿ ಅಮೃತಮಹಲ್ ಏಳುಬೀಳು ಕಂಡಿತು. ಖರ್ಚು ಉಳಿಸುವ ನೆಪದಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ 1860ರಲ್ಲಿ ಮಂದೆಗಳನ್ನು ಮಾರಿಸಿದರು. ಈಜಿಪ್ಟಿನ ಪಾಷಾ ಬಹಳ ದನಗಳನ್ನು ಕೊಂಡ. ತಪ್ಪು ಅರಿವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು. ಇಂದಿಗೂ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ.

ಮರಳಿನ ಮೇಲೆ ಎಳೆದ ಗೆರೆ

ಈಗ ಅಮೆರಿಕದ ಮಾತಿಗೆ ಬರೋಣ. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಗೆ ಅಂಗಡಿ ಸರಣಿಯೊಂದರ ಮುಖ್ಯಸ್ಥರು ಬಂದು, ಗಿರಾಕಿ ಹಣ ಕಟ್ಟುವ ಜಾಗದಲ್ಲಿ ವಸ್ತುವಿನ ವಿವರ ತಾನಾಗಿ ದಾಖಲಾಗುವ ಉಪಾಯ ಹುಡುಕಿಕೊಡಿ ಎಂದು ಡೀನರನ್ನು ಕೇಳಿದರು. ಡೀನರು ಒಪ್ಪಲಿಲ್ಲ. ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ತರುಣನ ಕಿವಿಗೆ ಬಿತ್ತು. ಆತ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡನಿಗೆ ಹೇಳಿದ. ವುಡ್‌ಲ್ಯಾಂಡ್ ಮಯಾಮಿ ಕಡಲ ತೀರದಲ್ಲಿ ಕುಳಿತು ಇದನ್ನೇ ಯೋಚಿಸುತ್ತಿದ್ದ. ಅವನಿಗೆ ತಂತಿ ಕಳಿಸುವ ಮೋರ್ಸ್ ಸಂಕೇತ ಗೊತ್ತಿತ್ತು. ಬೆರಳುಗಳನ್ನು ಮರಳಿಗೆ ಊರಿ ತನ್ನತ್ತ ಎಳೆದುಕೊಂಡಾಗ ನಾಲ್ಕು ಗೆರೆಗಳು ಮೂಡಿದವು. ಚುಕ್ಕೆ ಮತ್ತು ಅಡ್ಡಗೆರೆಗಳನ್ನೇ ಕೆಳಕ್ಕೆ ಎಳೆದರೆ ತೆಳು ಮತ್ತು ದಪ್ಪ ಪಟ್ಟಿಗಳಾಗುತ್ತವಲ್ಲ ಎಂದು ಅವನಿಗೆ ಹೊಳೆಯಿತು.

ಗೆಳೆಯರಿಬ್ಬರೂ 1949ರ ಅಕ್ಟೋಬರ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1952ರ ಅಕ್ಟೋಬರ್ 7ರಂದು ಅದು ಸಿಕ್ಕಿತು. ಆದರೆ ಗೆರೆಯನ್ನು ಓದುವ ಅಗ್ಗದ ಬೆಳಕು ಆಗ ಇರಲಿಲ್ಲ, ಅಗ್ಗದ ಕಂಪ್ಯೂಟರೂ ಇರಲಿಲ್ಲ. ಲೇಸರ್ ಬಂದದ್ದು 1960ರಲ್ಲಿ. ಸಿಲ್ವರ್ ತನ್ನ ಕನಸು ಕೈಗೂಡುವುದನ್ನು ಕಾಣದೆ 1963ರಲ್ಲೇ ತೀರಿಕೊಂಡ. ಮುಂದೆ ಐಬಿಎಂ ಕಂಪನಿಯ ಜಾರ್ಜ್ ಲಾರರ್ ರೂಪಿಸಿದ ಗೆರೆಗಳ ವಿನ್ಯಾಸವನ್ನು ಅಮೆರಿಕದ ದಿನಸಿ ವ್ಯಾಪಾರಿಗಳ ಸಮಿತಿ 1973ರ ಏಪ್ರಿಲ್ 3ರಂದು ಒಪ್ಪಿಕೊಂಡಿತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಸಣ್ಣ ಊರಿನ ಮಾರ್ಷ್ ಅಂಗಡಿಯಲ್ಲಿ ಹತ್ತು ಪೊಟ್ಟಣಗಳ ಒಂದು ಚ್ಯೂಯಿಂಗ್ ಗಮ್ ಕಟ್ಟಿನ ಗೆರೆಗಳನ್ನು ಯಂತ್ರ ಓದಿತು. ಬೆಲೆ 67 ಸೆಂಟ್. ವ್ಯಾಪಾರದಲ್ಲಿ ಈ ಗುರುತಿನ ಮೊದಲ ಓದು ಅದು.

ಅಲ್ಲಿಯೂ ಜನ ಇದನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಪ್ರತಿ ವಸ್ತುವಿನ ಮೇಲೂ ಬೆಲೆ ಚೀಟಿ ಅಂಟಿಸುವ ಪದ್ಧತಿ ಹೋದರೆ ಅಂಗಡಿಯವನು ದಫ್ತರದಲ್ಲಿ ಬೆಲೆ ತಿದ್ದಿದ್ದು ಗಿರಾಕಿಗೆ ಹೇಗೆ ತಿಳಿಯಬೇಕು ಎಂದು ಬಳಕೆದಾರರ ಸಂಘಗಳೂ ಕಾರ್ಮಿಕ ಸಂಘಗಳೂ ಕೇಳಿದವು. ಕೆಲವು ರಾಜ್ಯಗಳು ಬೆಲೆ ಚೀಟಿ ಇರಲೇಬೇಕೆಂದು ಕಾನೂನು ಮಾಡಿದವು. ಯಂತ್ರಕ್ಕೆ ಮಾತ್ರ ಓದಲು ಬರುವ ಲಿಪಿಯ ಬಗ್ಗೆ ಸಾಮಾನ್ಯ ಮನುಷ್ಯನ ಅನುಮಾನ ಅದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚು ಹಾಕಬೇಕೆಂಬ ನಿಯಮ ಇರುವುದರಿಂದ ಆ ಭಯ ಸ್ವಲ್ಪ ಕಡಿಮೆ.

ಗೆರೆ ಓದುವ ಬಗೆ

ಯುರೋಪಿನವರು 1977ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ಹದಿಮೂರು ಅಂಕಿಗಳ ಪದ್ಧತಿಯನ್ನು ಮುಂದಕ್ಕೆ ತಂದರು. ನಮ್ಮಲ್ಲಿ ಕಾಣುವುದು ಅದೇ. ಭಾರತದಲ್ಲಿ ಈ ಅಂಕಿಗಳನ್ನು ಹಂಚುವ ಸಂಸ್ಥೆ 1996ರಲ್ಲಿ ಇಎಎನ್ ಇಂಡಿಯಾ ಎಂಬ ಹೆಸರಿನಿಂದ ಹುಟ್ಟಿತು. ಇಂದು ಅದರ ಹೆಸರು ಜಿಎಸ್‌1 ಇಂಡಿಯಾ.

ಉದಾಹರಣೆಗೆ 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಮೊದಲ ಮೂರು ಅಂಕಿ 890 ಭಾರತದ ಸಂಸ್ಥೆಯದು. 890 ಇದ್ದರೆ ವಸ್ತು ಭಾರತದಲ್ಲೇ ತಯಾರಾಗಿದೆ ಎಂದು ತಿಳಿಯುವುದು ಸರಿಯಲ್ಲ. ಕಂಪನಿ ತನ್ನ ಹೆಸರು ನೋಂದಾಯಿಸಿದ್ದು ಭಾರತದಲ್ಲಿ ಎಂದಷ್ಟೇ ಅದರ ಅರ್ಥ. ನಂತರದ ಅಂಕಿಗಳಲ್ಲಿ ಕೆಲವು ಕಂಪನಿಗೆ, ಕೆಲವು ವಸ್ತುವಿಗೆ. ನೂರು ಗ್ರಾಂ ಸಾಬೂನಿಗೆ ಒಂದು ಸಂಖ್ಯೆ, ಅದೇ ಸಾಬೂನಿನ ಐವತ್ತು ಗ್ರಾಂ ತುಂಡಿಗೆ ಬೇರೆ ಸಂಖ್ಯೆ.

ಕೊನೆಯ ಅಂಕಿ ಕಾವಲುಗಾರ. ಮೊದಲ ಹನ್ನೆರಡು ಅಂಕಿಗಳಲ್ಲಿ ಬೆಸ ಸ್ಥಾನದವನ್ನು ಕೂಡಿದರೆ 28. ಸಮ ಸ್ಥಾನದವನ್ನು ಕೂಡಿದರೆ 34, ಅದರ ಮೂರು ಪಟ್ಟು 102. ಎರಡೂ ಸೇರಿ 130. ಇದನ್ನು ಹತ್ತರ ಮಗ್ಗಿಗೆ ತರಲು ಎಷ್ಟು ಸೇರಿಸಬೇಕು? ಸೊನ್ನೆ. ಆದ್ದರಿಂದ ಕೊನೆಯ ಅಂಕಿ 0. ಕೈಯಿಂದ ಒತ್ತುವಾಗ 3, 4 ಎಂಬುದನ್ನು 4, 3 ಎಂದು ಅದಲುಬದಲು ಮಾಡಿದರೆ ಮೊತ್ತ 132 ಆಗಿ, ಕೊನೆಯ ಅಂಕಿ 8 ಇರಬೇಕಿತ್ತಲ್ಲ ಎಂದು ಯಂತ್ರ ತಡೆಯುತ್ತದೆ.

ಗೆರೆಗಳ ಲೆಕ್ಕವೂ ಇಷ್ಟೇ ಅಚ್ಚುಕಟ್ಟು. ಮೊದಲನೆಯದನ್ನು ಬಿಟ್ಟು ಒಂದೊಂದು ಅಂಕಿಗೆ ಏಳು ಸಮಪಾಲಿನ ಜಾಗ. ಅದರಲ್ಲಿ ಎರಡು ಕಪ್ಪು ಪಟ್ಟಿ, ಎರಡು ಬಿಳಿ ಪಟ್ಟಿ. ಎಡಕ್ಕೆ, ಬಲಕ್ಕೆ, ನಡುವೆ ಸ್ವಲ್ಪ ಉದ್ದನೆಯ ಗಡಿಗೆರೆಗಳು. ಒಟ್ಟು 95 ಪಾಲು. ಕಪ್ಪು ಬೆಳಕನ್ನು ನುಂಗುತ್ತದೆ, ಬಿಳಿ ವಾಪಸು ಕಳಿಸುತ್ತದೆ. ಹಾಗೆ ಹಿಂದಿರುಗಿದ ಬೆಳಕಿನ ಏರಿಳಿತವನ್ನು ಯಂತ್ರ ಅಂಕಿಯಾಗಿ ಓದುತ್ತದೆ. ಬಿಳಿಯ ಮೇಲೆ ಕೆಂಪು ಗೆರೆ ಹಾಕಿದರೆ ಕೆಂಪು ಬೆಳಕಿನ ಯಂತ್ರಕ್ಕೆ ಅದು ಬಿಳಿಯಾಗಿಯೇ ಕಾಣುತ್ತದೆ. ಅಂದದ ಪೊಟ್ಟಣ ಅಚ್ಚು ಹಾಕಿಸುವವರು ಈ ಮಾತು ನೆನಪಿಡಬೇಕು.

ಒಂದು ಅಪವಾದವನ್ನೂ ಹೇಳಬೇಕು. ದೊಡ್ಡ ಅಂಗಡಿಗಳಲ್ಲಿ ತರಕಾರಿ ತೂಗಿ ಅಂಟಿಸುವ ಚೀಟಿಯ ಸಂಖ್ಯೆ ಸಾಮಾನ್ಯವಾಗಿ 2ರಿಂದ ಆರಂಭವಾಗುತ್ತದೆ. ಅದು ಅಂಗಡಿಯ ಒಳಗಿನ ಲೆಕ್ಕ. ಅದರಲ್ಲಿ ತೂಕವನ್ನೋ ಬೆಲೆಯನ್ನೋ ಸೇರಿಸುವುದುಂಟು.

ವ್ಯಾಪಾರಿಗೆ ಏನು ಲಾಭ?

ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುತ್ತಾರೆ. ಸುತ್ತಲಿನ ಕೆಂಪು ನೆಲದಲ್ಲಿ ಶೇಂಗಾ ಬೆಳೆ, ಊರೊಳಗೆ ಗಿರಣಿಗಳು. ಮನೆಯವರು ಚೆಂಬು ಹಿಡಿದು ಹೋಗಿ ಎಣ್ಣೆ ಅಳೆಸಿಕೊಂಡು ಬರುತ್ತಿದ್ದ ಕಾಲದಲ್ಲಿ ವ್ಯಾಪಾರಿಯ ಮುಖವೇ ಗುರುತು, ಅವನ ಮಾತೇ ದಫ್ತರ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಜನ ಸತ್ತರು. ಆ ವರ್ಷವೇ ಖಾದ್ಯ ತೈಲವನ್ನು ಪೊಟ್ಟಣ ಕಟ್ಟಿ ಮಾರುವ ಬಗ್ಗೆ ಕೇಂದ್ರ ಸರ್ಕಾರದ ಆದೇಶ ಬಂತು. ಪೊಟ್ಟಣ ಬಂದ ಮೇಲೆ ಹೆಸರು, ವಿಳಾಸ, ಬ್ಯಾಚ್ ನಂಬರ್ ಬಂದವು. ಪೇಟೆಯ ದೊಡ್ಡ ಅಂಗಡಿಗೆ ಹೋಗಬೇಕಾದರೆ ಬಾರ್‌ಕೋಡೂ ಬೇಕಾಯಿತು.

ಲಾಭಗಳನ್ನು ಎಣಿಸುವುದು ಕಷ್ಟವಲ್ಲ. ಬಿಲ್ಲು ಬೇಗ ಆಗುತ್ತದೆ, ತಪ್ಪು ಕಡಿಮೆಯಾಗುತ್ತದೆ. ಸಂಜೆ ಬಾಗಿಲು ಹಾಕುವಾಗ ಯಾವ ಸಾಮಾನು ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದು ಕಣ್ಣಮುಂದೆ ಇರುತ್ತದೆ. ಮುಗಿಯುವ ಮೊದಲೇ ತರಿಸಬಹುದು, ಹೋಗದ ಮಾಲಿನಲ್ಲಿ ಬಂಡವಾಳ ಕೊಳೆಯುವುದು ತಪ್ಪುತ್ತದೆ. ಗೋದಾಮಿನಿಂದ ಮಾಲು ಕಾಣೆಯಾದರೆ ಲೆಕ್ಕ ತೋರಿಸಿಕೊಡುತ್ತದೆ. ಚಟ್ನಿಪುಡಿ, ಹಪ್ಪಳ ಮಾಡುವ ಮಹಿಳಾ ಸ್ವಸಹಾಯ ಸಂಘವೂ ಸಂಖ್ಯೆ ಪಡೆದರೆ ಬೆಂಗಳೂರಿನ ಅಂಗಡಿಯ ಕಪಾಟಿಗೆ ಏರಬಹುದು. ಅದಕ್ಕೆ ಜಿಎಸ್‌1ಗೆ ಶುಲ್ಕ ಕಟ್ಟಬೇಕು. ತನ್ನ ಅಂಗಡಿಯ ಒಳಗಿನ ಲೆಕ್ಕಕ್ಕೆ ಮಾತ್ರ ಬೇಕಾದರೆ ಯಾರನ್ನೂ ಕೇಳದೆ ತಾನೇ ಚೀಟಿ ಅಚ್ಚು ಹಾಕಿಕೊಳ್ಳಬಹುದು.

ಮಿತಿಯೂ ಇದೆ. ಹದಿಮೂರು ಅಂಕಿಗಳ ಸಾಮಾನ್ಯ ಬಾರ್‌ಕೋಡಿನಲ್ಲಿ ಬ್ಯಾಚ್ ಇಲ್ಲ, ಅವಧಿ ಮುಗಿಯುವ ದಿನ ಇಲ್ಲ. ಒಂದೇ ಬಗೆಯ ಸಾವಿರ ಡಬ್ಬಿಗಳಿಗೂ ಒಂದೇ ಸಂಖ್ಯೆ. ಕೆಟ್ಟ ಡಬ್ಬಿ ಯಾವುದು ಎಂದು ಅದು ಹೇಳಲಾರದು. ಅದಕ್ಕಾಗಿ ಹೆಚ್ಚು ವಿವರ ಹಿಡಿಸುವ ಬೇರೆ ಬಗೆಯ ಸಂಕೇತಗಳು ಬಂದವು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಕ್ಯೂಆರ್ ಕೋಡ್ ರೂಪಿಸಿದರು. 2016ರಲ್ಲಿ ಯುಪಿಐ ಬಂದ ಮೇಲೆ ಆ ಚೌಕ ಸಂತೆಯ ಸೊಪ್ಪಿನ ಬುಟ್ಟಿಯ ಪಕ್ಕಕ್ಕೂ ಬಂದು ಕುಳಿತಿದೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟದ 300 ಔಷಧಿಗಳ ಮೇಲೆ ಇಂಥ ಸಂಕೇತ ಕಡ್ಡಾಯವಾಗಿದೆ. ಆದರೆ ಒಬ್ಬನ ಕ್ಯೂಆರ್ ಚೀಟಿಯ ಮೇಲೆ ಇನ್ನೊಬ್ಬ ತನ್ನ ಚೀಟಿ ಅಂಟಿಸಿ ಹಣ ಹೊಡೆದ ಪ್ರಕರಣಗಳೂ ನಡೆದಿವೆ. ಚೀಟಿ ಯಾರ ಖಾತೆಯ ಕಡೆ ಬೆರಳು ತೋರಿಸುತ್ತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕುದುರೆಗೆ ಸುಳ್ಳು ದಾಗ್ ಒತ್ತುವವರ ವಂಶ ಇನ್ನೂ ಮುಗಿದಿಲ್ಲ.

ಸೀರೆಯ ಮೇಲೆ ಮೂರು ಗುರುತು

ಚಳ್ಳಕೆರೆಯ ನೆರೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಮೈಸೂರು ಸೀಮೆಗೆ ರೇಷ್ಮೆ ಹುಳು ಸಾಕಣೆಯನ್ನು ತಂದು ಬೆಳೆಸಿದವನೂ ಟಿಪ್ಪುವೇ. ಮೊಳಕಾಲ್ಮೂರಿನ ಕೈಮಗ್ಗದಲ್ಲಿ ನೇಯ್ದ ಸೀರೆಗೆ 2010–11ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆ ದಫ್ತರ ಇರುವುದು ಚೆನ್ನೈಯಲ್ಲಿ. ಊರಿಗೆ ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಪ್ರತಿ ನೇಕಾರನಿಗೂ ಅದರ ಫಲ ತಾನಾಗಿ ಸಿಗುವುದಿಲ್ಲ. ಅವನು 'ಅಧಿಕೃತ ಬಳಕೆದಾರ' ಎಂದು ತನ್ನ ಹೆಸರನ್ನು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು.

ಇನ್ನು ಗುರುತುಗಳ ವಿಚಾರ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್, ಇದು ಶುದ್ಧ ರೇಷ್ಮೆ ಎನ್ನುತ್ತದೆ. ಕೈಮಗ್ಗದ್ದೇ ಎಂದು ಹೇಳುವುದಿಲ್ಲ. 2006ರ ಹ್ಯಾಂಡ್‌ಲೂಮ್ ಮಾರ್ಕ್, ಕೈಮಗ್ಗದ್ದು ಎನ್ನುತ್ತದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಭೌಗೋಳಿಕ ಸೂಚಕ ಊರು ಹೇಳುತ್ತದೆ. ಅಂಗಡಿಯ ಬಾರ್‌ಕೋಡ್ ಇದು ಕಪಾಟಿನ ಯಾವ ಸೀರೆ ಎಂದಷ್ಟೇ ಹೇಳುತ್ತದೆ. ಮೈಸೂರು ರೇಷ್ಮೆ ಸೀರೆಗೆ ಕೆಎಸ್‌ಐಸಿ ಒಂದೊಂದಕ್ಕೂ ಪ್ರತ್ಯೇಕ ಸಂಕೇತ ಸಂಖ್ಯೆಯನ್ನೂ ಹೊಲೊಗ್ರಾಮನ್ನೂ ಕೊಟ್ಟು ನಕಲಿಗೆ ತಡೆ ಹಾಕಿದೆ. ಸರ್ಕಾರಿ ಕಾರ್ಖಾನೆಗೆ ಅದು ಸುಲಭ. ಮನೆಯ ನಡುಮನೆಯಲ್ಲೇ ಗುಂಡಿಮಗ್ಗ ಹೂಡಿಕೊಂಡು, ಮಾಲೀಕ ಕೊಟ್ಟ ನೂಲಿಗೆ ಕೂಲಿ ನೇಯುವ ಬಡವನಿಗೆ ಎಲ್ಲಿಯ ಹೊಲೊಗ್ರಾಮು!

ಸೀರೆಯನ್ನೂ ಸೇರಿಸಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲೇ ಬಂದಿದೆ. ಆದರೂ ವಿದ್ಯುತ್ ಮಗ್ಗದ ನಕಲು ಕಡಿಮೆ ಬೆಲೆಗೆ ಪಕ್ಕದಲ್ಲೇ ಮಾರಾಟವಾದರೆ ಗಿರಾಕಿ ಕೈಬೆರಳಿನಿಂದ ಮುಟ್ಟಿ ವ್ಯತ್ಯಾಸ ತಿಳಿಯಬಲ್ಲನೆ? ನೇಕಾರನಿಗೆ ಬೇಕಾದ ಗುರುತು ಸೀರೆಯ ಜೊತೆಗೆ ಅವನ ಹೆಸರನ್ನೂ ಅವನಿಗೆ ಸಂದ ಕೂಲಿಯನ್ನೂ ಹೇಳಬೇಕು. ಯಂತ್ರಕ್ಕೆ ಇದು ಕಷ್ಟದ ಕೆಲಸವಲ್ಲ. ಒಂದು ಕ್ಯೂಆರ್ ಚೌಕದಲ್ಲಿ ಇಷ್ಟೂ ಹಿಡಿಯುತ್ತದೆ. ಆದರೆ ಯಾವ ವಿವರ ಬರೆಯಬೇಕೆಂದು ನಿರ್ಧರಿಸುವವನು ದಫ್ತರದ ಯಜಮಾನ. ಯಂತ್ರಕ್ಕೆ ಅಲ್ಲಿ ಮಾತಿಲ್ಲ.

ಹಸುವಿನ ಕಿವಿಯ ಹಳದಿ ಬಿಲ್ಲೆ

ಇಂದು ಚಳ್ಳಕೆರೆಯ ಯಾವ ಹಳ್ಳಿಗೆ ಹೋದರೂ ಹಸು, ಎಮ್ಮೆಗಳ ಕಿವಿಯಲ್ಲಿ ಹಳದಿ ಬಿಲ್ಲೆ ಕಾಣುತ್ತದೆ. ಅದರ ಮೇಲೆ ಹನ್ನೆರಡು ಅಂಕಿಗಳು, ಜೊತೆಗೆ ಬಾರ್‌ಕೋಡ್. 2019ರಲ್ಲಿ ಕಾಲುಬಾಯಿ ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಇದು ಎಲ್ಲೆಡೆ ಹರಡಿತು. ಜನ ಇದನ್ನು ಪಶು ಆಧಾರ್ ಎನ್ನುತ್ತಾರೆ. ಲಸಿಕೆ ಹಾಕಿದ ದಿನ, ತಳಿ, ಒಡೆಯನ ಹೆಸರು ಎಲ್ಲವೂ ಕೇಂದ್ರದ ದಫ್ತರದಲ್ಲಿ. ಹಸು ಸತ್ತರೆ ವಿಮೆಯವರು ಮೊದಲು ಕೇಳುವುದು ಈ ಬಿಲ್ಲೆಯನ್ನು. ಬಿಲ್ಲೆ ಬಿದ್ದುಹೋಗಿದ್ದರೆ ಹಣವಿಲ್ಲ. ಅಲಾವುದ್ದೀನನ ದಾಗ್ ಮತ್ತು ಚೆಹರೆ ಪ್ಲಾಸ್ಟಿಕ್ಕಿನ ರೂಪದಲ್ಲಿ ಗೊಲ್ಲರಹಟ್ಟಿಯ ತನಕ ಬಂದಿದೆ.

ಈ ಸೀಮೆಯಲ್ಲೇ ಗುರುತಿಲ್ಲದೆ ಗುರುತಿಸುವ ವಿದ್ಯೆಯೂ ಇದೆ. ಮ್ಯಾಸನಾಯಕರ ಹಟ್ಟಿಗಳಲ್ಲಿ 'ದೇವರ ಎತ್ತು'ಗಳ ಮಂದೆಗಳಿವೆ. ಅವನ್ನು ಮಾರುವುದಿಲ್ಲ, ನೇಗಿಲಿಗೆ ಕಟ್ಟುವುದಿಲ್ಲ. ಅವನ್ನು ಕಾಯುವವನು ಕಿಲಾರಿ. ನೂರಾರು ದನಗಳಲ್ಲಿ ಒಂದೊಂದನ್ನೂ ಮುಖ ನೋಡಿ, ಕೊಂಬಿನ ಬಾಗು ನೋಡಿ, ಕೂಗು ಕೇಳಿ ಹೇಳಬಲ್ಲ. ಅವನ ದಫ್ತರ ಇರುವುದು ಅವನ ತಲೆಯಲ್ಲಿ. ಮಾರಾಟಕ್ಕಿಲ್ಲದ ಜೀವಕ್ಕೆ ಬಾರ್‌ಕೋಡ್ ಯಾಕೆ ಬೇಕು? ಆದರೆ ಬರಗಾಲ ಬಂದು ಸರ್ಕಾರದ ಬಾಗಿಲಲ್ಲಿ ಮೇವು ಕೇಳುವ ದಿನ ಕಿಲಾರಿಯ ನೆನಪಿಗೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ಕಾಗದ ಕೇಳುತ್ತಾರೆ.

ಕಾವಲಿನ ಲೆಕ್ಕ

ಕಾಗದ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ವರವು ಕಾವಲಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ನೂರಾರು ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಕುರಿ, ದನಗಳು ಈ ಕಾವಲುಗಳಲ್ಲಿ ಮೇಯುತ್ತ ಬಂದವು. ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕರಿ ಕಂಬಳಿ ಹುಟ್ಟಿತು. ಕೃಷ್ಣಮೃಗಗಳು ಅದೇ ಹುಲ್ಲಿನಲ್ಲಿ ಓಡಾಡಿದವು. ಆದರೆ ದಫ್ತರದಲ್ಲಿ ಬರೆದಿದ್ದು 'ಅಮೃತಮಹಲ್ ಕಾವಲ್', ಅಂದರೆ ಸರ್ಕಾರಿ ಜಮೀನು. ಪಹಣಿಯಲ್ಲಿ ಉಳುವವನ ಹೆಸರಿಗೆ ಕಾಲಂ ಇದೆ. ವರ್ಷದಲ್ಲಿ ಕೆಲವು ತಿಂಗಳು ಮಂದೆ ಹೊಡೆದುಕೊಂಡು ಬರುವವನ ಹೆಸರನ್ನು ಬರೆಯುವ ರೂಢಿ ಇಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಬಹಳ ಒಳ್ಳೆಯ ಕೆಲಸ. ಆದರೆ ಹಳೆಯ ಪುಸ್ತಕದಲ್ಲಿ ಇಲ್ಲದ ಹೆಸರು ಹೊಸ ಯಂತ್ರದಲ್ಲಿ ಹುಟ್ಟಿಕೊಳ್ಳಲಿಲ್ಲ.

2007ರಿಂದ 2012ರವರೆಗಿನ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಉಳ್ಳಾರ್ತಿಯ ಕಡೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4 ಸಾವಿರಕ್ಕೂ ಹೆಚ್ಚು ಎಕರೆ. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆಗೆಂದು ಅಲ್ಲಿ ಕಟ್ಟಿದ ತಾಣ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ದೇಶಕ್ಕೆ ಇಂಥ ಸಂಸ್ಥೆಗಳು ಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಗೋಡೆ ಏಳತೊಡಗಿದ ಮೇಲೆಯೇ ಎಷ್ಟೋ ಹಳ್ಳಿಯವರಿಗೆ ತಮ್ಮ ಕಾವಲು ಕೈಬಿಟ್ಟದ್ದು ತಿಳಿಯಿತು. ಅವರು ರಸ್ತೆಗೆ ಇಳಿದರು. ದೂರು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ಅದು ತಜ್ಞರನ್ನು ಸ್ಥಳಕ್ಕೆ ಕಳಿಸಿತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಯೋಜನೆಗಳನ್ನು ನಿಲ್ಲಿಸಲಿಲ್ಲ.

ಈ ಜನರನ್ನು ಯಾರೂ ಬೇಕೆಂದೇ ಅಳಿಸಿಹಾಕಿದರು ಎನ್ನಬೇಕಾಗಿಲ್ಲ. ಅವರನ್ನು ಮೊದಲೇ ಬರೆದಿರಲಿಲ್ಲ. ಜಮೀನಿಗೆ ಸರ್ವೆ ನಂಬರ್ ಇತ್ತು, ದನಕ್ಕೆ ಬಿಲ್ಲೆ ಬಂತು, ಕಂಬಳಿಗೂ ಬಾರ್‌ಕೋಡ್ ಅಂಟಿಸಬಹುದು. ಮೇಯಿಸುವವನ ಹಕ್ಕಿಗೆ ಮಾತ್ರ ಸಾಲೇ ಇರಲಿಲ್ಲ. ಟಿಪ್ಪುವಿನ ಹುಕುಂನಾಮೆಯ ಕಾಲದಲ್ಲಿ ದನದ ಲೆಕ್ಕದ ಜೊತೆಗೆ ದನಗಾಹಿಗೂ ಇನಾಮಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಕುರ್‌ಆನಿನ ಅತಿ ದೀರ್ಘವಾದ ಆಯತ್ (2:282) ಪೂಜೆ ಪ್ರಾರ್ಥನೆಯ ಕುರಿತದ್ದಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದು. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಾದರೂ ಬೇಸರಪಡಬಾರದು, ಸಾಲಗಾರ ದುರ್ಬಲನಾಗಿದ್ದರೆ ಅವನ ಪರವಾಗಿ ಹೇಳುವವನು ಇರಬೇಕು ಎಂಬುದು ಅದರ ಆಶಯ. ವ್ಯಾಪಾರಿಗಳಿಗೆ ಹೇಳಿದ ಈ ಮಾತು ಇಂದಿನ ಕಂಪ್ಯೂಟರ್ ದಫ್ತರಗಳಿಗೂ ಸಲ್ಲುತ್ತದೆ. ಬಾರ್‌ಕೋಡ್ ಬಂದು ವ್ಯಾಪಾರ ಬೆಳೆದಿದೆ, ಮೋಸ ಕಡಿಮೆಯಾಗಿದೆ. ಚಳ್ಳಕೆರೆಯ ಗಿರಣಿಗೂ ಮೊಳಕಾಲ್ಮೂರಿನ ನೇಕಾರನಿಗೂ ಅದರಿಂದ ಒಳ್ಳೆಯದೇ ಆಗಲಿ. ಅದರ ಜೊತೆಗೇ ಆಗಬೇಕಾದ ಎರಡು ಕೆಲಸಗಳಿವೆ. ಸೀರೆಯ ಸಂಕೇತದಲ್ಲಿ ನೇಯ್ದವನ ಹೆಸರಿಗೆ ಒಂದು ಸಾಲು. ಉಳಿದಿರುವ ಕಾವಲುಗಳ ಪಹಣಿಯಲ್ಲಿ, ಅಲ್ಲಿ ಮೇಯಿಸುವ ಹಳ್ಳಿಗಳ ಹೆಸರಿಗೆ ಒಂದು ಸಾಲು. ಮುಂದಿನ ಗೋಡೆ ಏಳುವ ಮೊದಲು ಅದು ಬರೆದಿರಬೇಕು.